ಅಪ್‌ಡೇಟ್: ಮಗನ ಹಲ್ಲು ಬಿದ್ದ ಜಾಗದಲ್ಲಿ ರಕ್ತ ನಿಲ್ಲದಿದ್ದ ವಿಷಯ

ಹಾಲುಹಲ್ಲು ಬಿದ್ದು ಎರಡು ದಿನವಾದರೂ ಮಗನ ಒಸಡಿನ ರಕ್ತ ನಿಂತಿಲ್ಲ, ಪ್ಲೇಟ್‌ಲೆಟ್ ಸರಿಯಾಗೇ ಇದೆ, ಏನಿರಬಹುದು ಅಂತ ಗದಗದಿಂದ ಕೇಳಿದ್ದೆ. ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಪರೀಕ್ಷೆ) ಮಾಡಿಸಿ ಅಂದವರಿಗೆ ಕೈ ಮುಗಿಯುತ್ತೇನೆ. ಅದು 72 ಸೆಕೆಂಡ್ ಬಂತು, ತುಂಬಾ ಜಾಸ್ತಿ. ಅದೇ ತರಹದ ಇನ್ನೊಂದು ಪರೀಕ್ಷೆ, ಪಿಟಿ, ನಾರ್ಮಲ್.

ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಅನ್ನೋ ಪ್ರೋಟೀನ್ ಬರೀ 3% ಇತ್ತು. ಹಿಮೋಫಿಲಿಯಾ ಎ ಅಂತೆ, ಆ ಪ್ರೋಟೀನ್ ಕಡಿಮೆ ಇದ್ದು ರಕ್ತ ಬೇಗ ನಿಲ್ಲದ ಕಾಯಿಲೆ. ನರಕ್ಕೆ ಫ್ಯಾಕ್ಟರ್ ಕೊಟ್ಟರು. ಸಂಜೆ ಬಾಯಿಂದ ತೆಗೆದ ಹತ್ತಿ ಬೆಳ್ಳಗಿತ್ತು. ಅದನ್ನೇ ಎಷ್ಟೋ ಹೊತ್ತು ಕೈಯಲ್ಲಿ ಹಿಡಿದು ನಿಂತಿದ್ದೆ.

ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಕೊಡಿ ಅಂದಿದ್ದಾರೆ. ಇದು ಹೆಚ್ಚಾಗಿ ತಾಯಿ ಕಡೆಯಿಂದ ಬರುತ್ತದಂತೆ. ಹಾವೇರಿಯಲ್ಲಿರುವ ನನ್ನ ತಂಗಿಗೆ ಈಗ ಏಳು ತಿಂಗಳು. ಹೆರಿಗೆಗೆ ಮೊದಲೇ ಅವಳಿಗೂ ಪರೀಕ್ಷೆ ಮಾಡಿಸಬೇಕು. ಸೋಮವಾರ ಕರೆದುಕೊಂಡು ಹೋಗುತ್ತಿದ್ದೇನೆ.