ಅಮೆರಿಕದ ಕೆನಡಿ ಸೆಂಟರ್ ರಂಗಮಂದಿರಕ್ಕೆ ಆದದ್ದು ನೋಡಿ ನಮ್ಮ ರಂಗಮಂದಿರಗಳ ಬಗ್ಗೆ ಭಯ ಆಗ್ತಿದೆ, ನಿಮಗೇನನ್ನಿಸುತ್ತೆ?

ವಿರಾಜಪೇಟೆ ನಾಟಕದವನು

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಮುಗಿದ ಮೇಲೆ ವರ್ಷಕ್ಕೊಂದು ನಾಟಕ ಆಡುವ ಚಿಕ್ಕ ತಂಡ ನಮ್ಮದು. ನನ್ನ ಅಕ್ಕನ ಮಗಳು ವಾಷಿಂಗ್ಟನ್ ಹತ್ತಿರ ಇದ್ದಾಳೆ. ಅಲ್ಲಿಗೆ ಹೋದ ಹೊಸದರಲ್ಲಿ ಕೈಯಲ್ಲಿ ದುಡ್ಡಿರಲಿಲ್ಲ, ಆದರೂ ಸಂಜೆ ಕೆಲಸ ಬಿಟ್ಟು ಕೆನಡಿ ಸೆಂಟರ್‌ಗೆ ಹೋಗುತ್ತಿದ್ದಳು, ಯಾಕಂದ್ರೆ ಅಲ್ಲಿ ಮಿಲೆನಿಯಂ ಸ್ಟೇಜ್ ಅಂತ ಒಂದು ವೇದಿಕೆ ಇತ್ತು, ಟಿಕೆಟ್ಟಿಗೆ ಕಾಸು ಕೊಡಬೇಕಾಗಿರಲಿಲ್ಲ. ಈಗ ಅಲ್ಲಿಗೆ ಹೋಗೋಕೆ ಮನಸ್ಸೇ ಬರ್ತಿಲ್ಲ ಮಾವ ಅಂದಳು. ಅದು ನನ್ನನ್ನು ತುಂಬ ಕಾಡಿತು.

ನನ್ನ ಪ್ರಶ್ನೆ ಇಷ್ಟೇ. ದೇಶದ ಅಧ್ಯಕ್ಷ ಟ್ರಂಪ್ ಅವರೇ ಆ ರಂಗಮಂದಿರದ ಮಂಡಳಿಗೂ ಅಧ್ಯಕ್ಷರಾಗಿ ಕೂತರು. ಇದಕ್ಕೆ ಕಾನೂನು ಹೇಗೆ ಬಿಟ್ಟಿತು? ನಮ್ಮಲ್ಲಿ ಇಂಥದ್ದನ್ನು ತಡೆಯೋಕೆ ಏನಾದರೂ ಇದೆಯಾ?

ಮಡಿಕೇರಿ ವಕೀಲ

ಸರ್, ಕಾನೂನಿನಲ್ಲೇ ಆ ಬಾಗಿಲು ತೆರೆದಿತ್ತು. ಈ ಕೇಂದ್ರಕ್ಕೆ ಕಾನೂನು ಆದದ್ದು 1958ರಲ್ಲಿ, ಕೆನಡಿ ಹೆಸರಿಟ್ಟದ್ದು ಅವರ ಕೊಲೆಯಾದ ಮೇಲೆ 1964ರಲ್ಲಿ, ಪ್ರದರ್ಶನ ಶುರುವಾದದ್ದು 1971ರಲ್ಲಿ. ಮಂಡಳಿಯ 36 ಸದಸ್ಯರನ್ನು ದೇಶದ ಅಧ್ಯಕ್ಷರೇ ನೇಮಿಸುತ್ತಾರೆ, ಅವಧಿ 6 ವರ್ಷ. ಹಾಗಾಗಿ ನೇಮಕ ಯಾವತ್ತೂ ರಾಜಕೀಯದ್ದೇ. ಆದರೆ ಹಿಂದಿನವರು ನೇಮಿಸಿದವರನ್ನು ಅವಧಿ ಮುಗಿಯುವವರೆಗೆ ಕೂರಲು ಬಿಡುವುದು ರೂಢಿಯಾಗಿತ್ತು. ಎರಡೂ ಪಕ್ಷದವರು ಒಂದೇ ಮೇಜಿನ ಸುತ್ತ ಕೂರುತ್ತಿದ್ದರು.

2025ರ ಫೆಬ್ರವರಿಯಲ್ಲಿ ಆ ರೂಢಿ ಮುರಿಯಿತು. ಟ್ರಂಪ್ ಅವರು ಬೈಡನ್ ನೇಮಿಸಿದ್ದ ಸದಸ್ಯರನ್ನು ತೆಗೆದು ತಮ್ಮವರನ್ನು ಹಾಕಿದರು, ಆ ಹೊಸ ಮಂಡಳಿ ಅವರನ್ನೇ ಅಧ್ಯಕ್ಷರಾಗಿ ಆರಿಸಿತು. 2014ರಿಂದ ಸಂಸ್ಥೆ ನಡೆಸುತ್ತಿದ್ದ ಡೆಬೊರಾ ರಟ್ಟರ್ ಅವರನ್ನೂ ಕಳಿಸಿದರು. ಡಿಸೆಂಬರ್ 18ಕ್ಕೆ ಮಂಡಳಿ ಕಟ್ಟಡದ ಹೆಸರಿಗೆ ಟ್ರಂಪ್ ಹೆಸರು ಸೇರಿಸಿತು, ಮರುದಿನವೇ ಗೋಡೆ ಮೇಲೆ ಅಕ್ಷರ ಬಂತು. ಹೆಸರು ಮಾತ್ರ ಸಂಸತ್ತು ಮಾಡಿದ ಕಾನೂನಿನಲ್ಲಿ ಇರುವಂಥದ್ದು, ಅದಕ್ಕೇ ಒಬ್ಬ ಸಂಸದೆ ಕೋರ್ಟಿಗೆ ಹೋದರು.

ಬರೆಯದೇ ಇದ್ದ ಮರ್ಯಾದೆಯ ಮೇಲೆ ಒಂದು ಸಂಸ್ಥೆಯನ್ನು ನಿಲ್ಲಿಸಿದರೆ ಅದು ಒಂದೇ ವಾರದಲ್ಲಿ ಹೋಗಬಹುದು. ವಕೀಲನಾಗಿ ನನಗೆ ಹೆದರಿಕೆ ಹುಟ್ಟಿಸಿದ್ದು ಇದೇ.

ಕುಶಾಲನಗರ ಶಿವು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಬೇಜಾರು ಮಾಡ್ಕೋಬೇಡಿ. ಜನ ಓಟು ಹಾಕಿ ಆರಿಸಿದವರು, ಸರ್ಕಾರದ ದುಡ್ಡು ಹೋಗುವ ಜಾಗದಲ್ಲಿ ಏನು ನಡೀಬೇಕು ಅಂತ ಹೇಳಿದರೆ ತಪ್ಪೇನು? ಇಷ್ಟು ವರ್ಷ ಕಲೆ ಅಂದರೆ ಒಂದೇ ಥರ ಯೋಚಿಸುವವರ ಕೈಯಲ್ಲಿತ್ತು ಅನ್ನುವ ಸಿಟ್ಟು ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಆ ಸಿಟ್ಟು ಪೂರ್ತಿ ಸುಳ್ಳು ಅಂತ ನನಗನ್ನಿಸಲ್ಲ.

ಮಡಿಕೇರಿ ವಕೀಲ

ಶಿವು ಅವರೇ, ಸಿಟ್ಟು ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿ ಸರ್ಕಾರದ ದುಡ್ಡು ಹೋಗುವುದು ಮುಖ್ಯವಾಗಿ ಕಟ್ಟಡ ನೋಡಿಕೊಳ್ಳೋಕೆ. ಕಾರ್ಯಕ್ರಮ ನಡೆಯುವುದು ಟಿಕೆಟ್ ಮತ್ತು ದಾನದ ಮೇಲೆ. ಅಂದರೆ ಕಲಾವಿದರು, ಪ್ರೇಕ್ಷಕರು ದೂರ ಹೋದರೆ ಸಂಸ್ಥೆಗೆ ನೇರ ಪೆಟ್ಟು. ಹಾಗೇ ಆಯಿತು. ಹ್ಯಾಮಿಲ್ಟನ್ ಅನ್ನುವ ಸಂಗೀತ ನಾಟಕದ ತಂಡ 2026ರ ಪ್ರದರ್ಶನ ರದ್ದು ಮಾಡಿತು. ಗಾಯಕಿ ರೆನೆ ಫ್ಲೆಮಿಂಗ್ ಸಲಹೆಗಾರ್ತಿಯ ಸ್ಥಾನ ಬಿಟ್ಟರು. ಹೆಸರು ಬದಲಾಯಿತು ಅಂತ ಒಬ್ಬ ಜಾಝ್ ಸಂಗೀತಗಾರ ಕ್ರಿಸ್‌ಮಸ್ ಹಿಂದಿನ ದಿನದ ಕಛೇರಿ ಬಿಟ್ಟಿದ್ದಕ್ಕೆ, ಅವರಿಂದ 10 ಲಕ್ಷ ಡಾಲರ್ ಪರಿಹಾರ ಕೇಳುತ್ತೇವೆ ಅಂತ ಸಂಸ್ಥೆಯ ಮುಖ್ಯಸ್ಥರು ಪತ್ರ ಬರೆದರು. 2026ರ ಜನವರಿಯಲ್ಲಿ ವಾಷಿಂಗ್ಟನ್ ನ್ಯಾಷನಲ್ ಒಪೆರಾ, ಇದು 1971ರಿಂದ ಅಲ್ಲೇ ಹಾಡಿನಲ್ಲೇ ನಾಟಕ ಆಡುತ್ತಿದ್ದ ಸಂಸ್ಥೆ, ನಾವು ಬೇರೆ ಕಡೆ ಹೋಗುತ್ತೇವೆ ಅಂದಿತು. ಫೆಬ್ರವರಿಯಲ್ಲಿ ಟ್ರಂಪ್ ಅವರು ದುರಸ್ತಿಗೆ ಅಂತ ಜುಲೈ 4ರಿಂದ ಸುಮಾರು 2 ವರ್ಷ ಬಾಗಿಲು ಹಾಕುವುದಾಗಿ ಹೇಳಿದರು. ನಮ್ಮ ನಾಟಕದವರ ಅಕ್ಕನ ಮಗಳಂಥವರು ಬರದೇ ಹೋದದ್ದು ಇದರ ಒಂದು ಭಾಗ.

ನಾಪೋಕ್ಲು ಮೇಷ್ಟ್ರು

ದೂರದ್ದು ಮಾತಾಡಿದ್ದು ಒಳ್ಳೆಯದಾಯಿತು. ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಮೈಸೂರಿನ ರಂಗಾಯಣ ಶುರುವಾದದ್ದು 1989ರಲ್ಲಿ, ಮೊದಲ ನಿರ್ದೇಶಕರು ಬಿ.ವಿ. ಕಾರಂತರು. ಸರ್ಕಾರದ್ದೇ ಸಂಸ್ಥೆ, ಆದರೆ ನಾಟಕ ಯಾವುದು ಅಂತ ಆರಿಸುವುದು ರಂಗದವರ ಕೆಲಸ ಆಗಿರಬೇಕು ಅನ್ನುವುದು ಆಸೆ. ಈಗ ಸರ್ಕಾರ ಬದಲಾದಾಗೆಲ್ಲ ನಿರ್ದೇಶಕರ ಕುರ್ಚಿ ಅಲ್ಲಾಡುತ್ತದೆ. 2019ರಲ್ಲಿ ನಿರ್ದೇಶಕಿಯಾಗಿದ್ದ ಭಾಗೀರಥಿ ಬಾಯಿ ಕದಂ ಅವರನ್ನು ಅವಧಿಗೆ ಮುಂಚೆಯೇ ತೆಗೆದರು. ಆಮೇಲೆ ನಮ್ಮ ಕೊಡಗಿನವರೇ ಆದ ಅಡ್ಡಂಡ ಕಾರ್ಯಪ್ಪ ಬಂದರು. 2023ರಲ್ಲಿ ಸರ್ಕಾರ ಬದಲಾದ ತಕ್ಷಣ ಅವರು ರಾಜೀನಾಮೆ ಕೊಟ್ಟರು. ಒಬ್ಬರ ನಾಟಕ ನಿಮಗೆ ಇಷ್ಟವೋ ಇಲ್ಲವೋ, ಅದು ಬೇರೆ ಮಾತು. ಚುನಾವಣೆ ಫಲಿತಾಂಶ ಬಂದ ದಿನ ರಂಗಮಂದಿರದಲ್ಲಿ ಯಾರಿರಬೇಕು ಅಂತ ತೀರ್ಮಾನ ಆಗುವುದು ನನಗೆ ನೋವು ಕೊಡುತ್ತದೆ, ಅದು ಯಾವ ಪಕ್ಷ ಗೆದ್ದಿದ್ದರೂ.

ಅಕಾಡೆಮಿಗಳದ್ದೂ ಅದೇ ಕಥೆ. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಇದೆ, ಅರೆಭಾಷೆ ಅಕಾಡೆಮಿ ಇದೆ. 2019ರಲ್ಲಿ ಅಕಾಡೆಮಿಗಳ ಅಧ್ಯಕ್ಷರು, ಸದಸ್ಯರೆಲ್ಲರ ನೇಮಕವನ್ನು ಮಧ್ಯದಲ್ಲೇ ರದ್ದು ಮಾಡಿದರು. ಮುಂದಿನ ಸರ್ಕಾರ ಬಂದದ್ದು 2023ರ ಮೇ ತಿಂಗಳಲ್ಲಿ, ಅಕಾಡೆಮಿಗಳಿಗೆ ಹೆಸರು ಪ್ರಕಟಿಸಿದ್ದು 2024ರ ಮಾರ್ಚ್‌ನಲ್ಲಿ. ಒಬ್ಬರು ಕಿತ್ತರು, ಇನ್ನೊಬ್ಬರು ಖಾಲಿ ಬಿಟ್ಟರು. ಆಡುವವರು ಕಡಿಮೆ ಇರುವ ಭಾಷೆಗೆ 10 ತಿಂಗಳು ಸಣ್ಣದಲ್ಲ, ಅಲ್ವಾ? ಹಾಡು ಗೊತ್ತಿರುವ ಅಜ್ಜಿಯರು ಅಷ್ಟು ದಿನ ಕಾಯುತ್ತಾರಾ?

ತಾಳದ ಅಕ್ಕ

ಮೇಷ್ಟ್ರೇ, ನೀವು ಹೇಳಿದ್ದು ದೊಡ್ಡ ಕುರ್ಚಿಗಳ ವಿಷಯ. ಕೆಳಗೆ ಬಂದರೆ ಇದು ಇನ್ನೂ ಸಣ್ಣದಾಗಿ, ಇನ್ನೂ ಹತ್ತಿರದಿಂದ ತಾಗುತ್ತದೆ. ನಾನು ಉಮ್ಮತ್ತಾಟ್, ಅಂದರೆ ಕೊಡವ ಹೆಂಗಸರ ಕುಣಿತದ ತಂಡದಲ್ಲಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಸಭಾಂಗಣದಲ್ಲಿ ನಮಗೆ 20 ನಿಮಿಷ ಕೊಟ್ಟಿದ್ದರು. ಮಳೆಯಲ್ಲಿ ಜೀಪಿನಲ್ಲಿ ಹೋಗಿ, ಸೀರೆ ಉಟ್ಟು, ತಾಳ ಹಿಡಿದು ಎರಡು ಗಂಟೆ ನಿಂತೆವು. ವೇದಿಕೆಯಲ್ಲಿ ಭಾಷಣ ಮುಗಿಯಲಿಲ್ಲ. ಕೊನೆಗೆ 5 ನಿಮಿಷ ಸಿಕ್ಕಿತು, ದೀಪದ ಸುತ್ತ ಎರಡು ಸುತ್ತು ಬರುವಷ್ಟರಲ್ಲಿ ಮೈಕ್ ಬಂದ್ ಮಾಡಿದರು. ಅದನ್ನಾದರೂ ಸಹಿಸಬಹುದು. ಮುಂದಿನ ವರ್ಷ ಕರೆಯುವಾಗ, ನಿಮ್ಮ ತಂಡದ ಆ ಒಬ್ಬರನ್ನು ಬಿಟ್ಟು ಬನ್ನಿ, ಅವರ ಗಂಡ ಬೇರೆ ಪಕ್ಷದವರು ಅಂದರು. ನಾವು ಯಾರೂ ಹೋಗಲಿಲ್ಲ.

ಅದಕ್ಕೇ ಆ ಒಪೆರಾದವರು ಹೊರಟದ್ದು ಓದಿದಾಗ ನನಗೆ ಅವರ ಸಂಗೀತ ಒಂದಕ್ಷರ ಅರ್ಥ ಆಗದಿದ್ದರೂ ಅವರ ಮನಸ್ಸು ಅರ್ಥ ಆಯಿತು. 50 ವರ್ಷಕ್ಕಿಂತ ಜಾಸ್ತಿ ಹಾಡಿದ ವೇದಿಕೆಯನ್ನು ಯಾರೂ ಸುಮ್ನೆ ಬಿಟ್ಟು ಹೋಗಲ್ಲ.

ಕುಶಾಲನಗರ ಶಿವು

ಅಕ್ಕ, ಇದು ಓದಿ ಬೇಸರವಾಯಿತು. ನೇಮಕ ಸರ್ಕಾರವೇ ಮಾಡಲಿ ಅನ್ನುವ ಮಾತಿಗೆ ನಾನು ಇನ್ನೂ ಅಂಟಿಕೊಂಡಿದ್ದೇನೆ. ಆದರೆ ನೇಮಿಸಿದ ಮೇಲೆ ಅವಧಿ ಮುಗಿಯುವವರೆಗೆ ಮುಟ್ಟಬಾರದು, ಯಾರು ಕುಣಿಯಬೇಕು ಅಂತ ಹೇಳಲೇಬಾರದು. ಇದನ್ನು ಒಪ್ಪುತ್ತೇನೆ.

ವಿರಾಜಪೇಟೆ ನಾಟಕದವನು

ಎಲ್ಲರಿಗೂ ಧನ್ಯವಾದ. ವಕೀಲ ಸರ್, ಬರೆಯದೇ ಇದ್ದ ಮರ್ಯಾದೆ ಅಂದಿರಲ್ಲ, ಅದು ತಲೆಯಲ್ಲಿ ಕೂತಿದೆ. ನಮ್ಮ ಸಂಘದ ಬೈಲಾದಲ್ಲಿ ನಾಟಕ ಆರಿಸುವವರು ಯಾರು, ಅವರನ್ನು ಮಧ್ಯದಲ್ಲಿ ತೆಗೆಯಬಹುದಾ ಅನ್ನುವುದು ಎಲ್ಲೂ ಇಲ್ಲ, ನಿನ್ನೆ ತೆಗೆದು ನೋಡಿದೆ. ಮುಂದಿನ ಸಭೆಯಲ್ಲಿ ಅದನ್ನು ಸೇರಿಸಬೇಕು ಅಂತಿದ್ದೇನೆ. ಕರಡು ಬರೆದು ಇಲ್ಲೇ ಹಾಕುತ್ತೇನೆ, ಒಂದು ಸಲ ನೋಡಿಕೊಡಿ. ತಾಳದ ಅಕ್ಕ, ಈ ಸಲ ನಮ್ಮ ನಾಟಕಕ್ಕೆ ಮುಂಚೆ ನಿಮ್ಮ ತಂಡ ಬರಬೇಕು, ಎಲ್ಲರೂ. 20 ನಿಮಿಷ ಪೂರ್ತಿ ನಿಮ್ಮದೇ. ಭಾಷಣ ಇಟ್ಟಿಲ್ಲ.