ಪದಚರ್ಚೆ: ಭ್ರೂಣದ ‘ಕಸಿ’ಯೋ ‘ನಾಟುವಿಕೆ’ಯೋ? ಸೈಟೊಕೈನ್‌ಗೆ ಏನನ್ನೋಣ?

ಪ್ರಶ್ನೆ: ಗರ್ಭ ಕಟ್ಟುವ ಮೊದಲ ದಿನಗಳ ಬಗ್ಗೆ ಒಂದು ಪಾಠ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ಇಂಪ್ಲಾಂಟೇಶನ್‌ಗೆ (ಭ್ರೂಣ ಗರ್ಭಕೋಶದ ಒಳಪದರಕ್ಕೆ ಅಂಟಿ ಒಳಗಿಳಿಯುವುದಕ್ಕೆ) ‘ಭ್ರೂಣದ ಕಸಿ’, ಸೈಟೊಕೈನ್‌ಗೆ ‘ರೋಗನಿರೋಧಕ ಸಂಕೇತಾಣು’, ಟ್ರೋಫೋಬ್ಲಾಸ್ಟ್‌ಗೆ ‘ಜರಾಯು ಕೋಶ’ ಎಂದಿದೆ. ಲ್ಯುಕೀಮಿಯಾ ಇನ್ಹಿಬಿಟರಿ ಫ್ಯಾಕ್ಟರ್ ಎಂಬುದನ್ನು ‘ರಕ್ತಕ್ಯಾನ್ಸರ್ ತಡೆಯುವ ಅಂಶ’ ಎಂದು ಮಾಡಲಾಗಿದೆ. ಇವು ನಿಲ್ಲುತ್ತವೆಯೇ?

ಉತ್ತರ: ‘ಕಸಿ’ ಖಂಡಿತ ಬೇಡ. ಕಸಿ ಎಂದರೆ ಮಾಡುವವರೊಬ್ಬರು ಇರಬೇಕು: ಮಾವಿನ ಕಸಿ, ಮೂತ್ರಪಿಂಡದ ಕಸಿ. ಪ್ರನಾಳಶಿಶು ಚಿಕಿತ್ಸೆಯಲ್ಲೂ ವೈದ್ಯರು ಮಾಡುವುದು ಭ್ರೂಣದ ವರ್ಗಾವಣೆಯನ್ನಷ್ಟೇ. ಫಲೀಕರಣವಾಗಿ 6–7 ದಿನಕ್ಕೆ ಗರ್ಭಕೋಶದ ಒಳಪದರಕ್ಕೆ ಅಂಟಿಕೊಂಡು ಒಳಗಿಳಿಯುವುದು ಭ್ರೂಣದ್ದೇ ಕೆಲಸ. ಎರಡಕ್ಕೂ ‘ಕಸಿ’ ಎಂದುಬಿಟ್ಟರೆ ‘ವರ್ಗಾವಣೆ ಸರಿಯಾಯಿತು, ಭ್ರೂಣ ಮಾತ್ರ ಅಂಟಲಿಲ್ಲ’ ಎಂದು ಹೇಳಲು ಪದವೇ ಉಳಿಯುವುದಿಲ್ಲ. ‘ನಾಟಿ’ಯದೂ ಇದೇ ತೊಂದರೆ, ಸಸಿ ನೆಡುವ ಕೈ ಕಣ್ಣಿಗೆ ಬರುತ್ತದೆ. ಆದರೆ ‘ನಾಟು’ ಎಂಬ ಕ್ರಿಯಾಪದವನ್ನೇ ನೋಡಿ: ಮುಳ್ಳು ನಾಟಿತು, ಮಾತು ಮನಸ್ಸಿಗೆ ನಾಟಿತು. ಯಾರೂ ನೆಡಲಿಲ್ಲ, ತಾನೇ ನಾಟಿತು. ಹಾಗಾಗಿ ‘ಭ್ರೂಣ ನಾಟುವಿಕೆ’ ನನಗೆ ಸರಿ ಕಾಣುತ್ತದೆ.

‘ಜರಾಯು ಕೋಶ’ ಸ್ವಲ್ಪ ಅವಸರದ ಪದ. ನಾಟುವ ಹೊತ್ತಿಗೆ ಜರಾಯು ಇನ್ನೂ ರೂಪುಗೊಂಡಿರುವುದಿಲ್ಲ. ಟ್ರೋಫೋಬ್ಲಾಸ್ಟ್ ಎಂದರೆ ಭ್ರೂಣದ ಹೊರಪದರ, ಜರಾಯುವಿನ ಬಹುಭಾಗ ಮುಂದೆ ಅದರಿಂದ ಬೆಳೆಯುತ್ತದೆ. 1889ರಲ್ಲಿ ಡಚ್ ಪ್ರಾಣಿವಿಜ್ಞಾನಿ ಹ್ಯೂಬ್ರೆಕ್ಟ್ ಗ್ರೀಕಿನ ‘ಪೋಷಣೆ’ ಮತ್ತು ‘ಮೊಳಕೆ’ ಪದಗಳನ್ನು ಕೂಡಿಸಿ ಕಟ್ಟಿದ ಹೆಸರಿದು. ಮೊದಲ ಸಲ ಬಂದಾಗ ಅರ್ಥ ಹೇಳಿ, ಆಮೇಲೆ ಹಾಗೆಯೇ ಬಳಸಿ.

‘ಸಂಕೇತಾಣು’ ಓದಿದವರಿಗೆ ರೋಗಾಣು, ಜೀವಾಣುಗಳ ಸಾಲು ನೆನಪಾಗಿ, ಇದೂ ಒಂದು ಸೂಕ್ಷ್ಮಜೀವಿ ಅನ್ನಿಸುತ್ತದೆ. ‘ರೋಗನಿರೋಧಕ’ವೂ ಇಲ್ಲಿ ದಾರಿ ತಪ್ಪಿಸುತ್ತದೆ: ರೋಗವಿಲ್ಲ, ನಿರೋಧವೂ ಇಲ್ಲ. ಸೈಟೊಕೈನನ್ನು ಬಿಳಿರಕ್ತಕಣಗಳಷ್ಟೇ ಅಲ್ಲ, ಗರ್ಭಕೋಶದ ಗ್ರಂಥಿಗಳೂ ಭ್ರೂಣವೂ ಸ್ರವಿಸುತ್ತವೆ. ‘ಕೋಶದಿಂದ ಕೋಶಕ್ಕೆ ಸುದ್ದಿ ಒಯ್ಯುವ ಪ್ರೋಟೀನ್’ ಎಂದು ಒಮ್ಮೆ ವಿವರಿಸಿದರೆ ಸಾಕು.

ಲ್ಯುಕೀಮಿಯಾ ಇನ್ಹಿಬಿಟರಿ ಫ್ಯಾಕ್ಟರ್ (ಎಲ್‌ಐಎಫ್) ಕೂಡ ಒಂದು ಸೈಟೊಕೈನ್. ಅದರ ಹೆಸರನ್ನು ಅನುವಾದಿಸಲೇಬೇಡಿ. ಇಲಿಯ ಲ್ಯುಕೀಮಿಯಾ ಕೋಶಗಳು ಹೆಚ್ಚುವುದನ್ನು ತಡೆದದ್ದರಿಂದ ಆ ಹೆಸರು ಬಂತು, ಗರ್ಭಕೋಶದಲ್ಲಿ ಅದರ ಕೆಲಸವೇ ಬೇರೆ. ಇದರ ಜೀನ್ ಇಲ್ಲದ ಹೆಣ್ಣಿಲಿಗಳಲ್ಲಿ ಭ್ರೂಣ ಚೆನ್ನಾಗಿಯೇ ಬೆಳೆದರೂ ನಾಟಲಿಲ್ಲ. ಅದೇ ಭ್ರೂಣಗಳನ್ನು ಸಾಮಾನ್ಯ ಇಲಿಯ ಗರ್ಭಕೋಶಕ್ಕೆ ಸಾಗಿಸಿದಾಗ ನಾಟಿದವು. 1992ರಲ್ಲಿ ಪ್ರಕಟವಾದ ಫಲಿತಾಂಶವಿದು. ಕೊರತೆ ಬೀಜದ್ದಲ್ಲ, ನೆಲದ್ದು. ‘ರಕ್ತಕ್ಯಾನ್ಸರ್ ತಡೆಯುವ ಅಂಶ’ ಎಂದು ಬರೆದರೆ ಓದುಗರ ಗಮನ ಇದನ್ನು ಬಿಟ್ಟು ಕ್ಯಾನ್ಸರಿಗೆ ಹೋಗುತ್ತದೆ. ಎಲ್‌ಐಎಫ್ ಎಂದೇ ಇರಲಿ.

ನನ್ನ ನಿಯಮ ಇಷ್ಟೆ: ಹೆಸರುಗಳನ್ನು ಹಾಗೇ ಬಿಡಿ, ಶ್ರಮವನ್ನೆಲ್ಲ ಕ್ರಿಯಾಪದಕ್ಕೆ ಹಾಕಿ. ಟ್ರೋಫೋಬ್ಲಾಸ್ಟ್ ಒಳಪದರದೊಳಗೆ ಹೋಗುವುದಕ್ಕೆ ‘ಆಕ್ರಮಣ’ ಎಂದರೆ ವೈರಿ ಎಂದಂತಾಗುತ್ತದೆ. ‘ಒಳತೂರು’ ಸಾಕು. ಇಂಟರ್‌ಲ್ಯುಕಿನ್-1 ಎಂಬ ಸೈಟೊಕೈನ್ ಕೋಶಗಳ ಸುತ್ತಲ ಜಾಲ ಕರಗಿಸುವ ಕಿಣ್ವಗಳನ್ನು ಹೆಚ್ಚಿಸಿ ಟ್ರೋಫೋಬ್ಲಾಸ್ಟನ್ನು ಒಳಕ್ಕೆ ದೂಡುತ್ತದೆ. ಟಿಜಿಎಫ್-ಬೀಟಾ ಎಂಬ ಇನ್ನೊಂದು ಸೈಟೊಕೈನ್ ಅದಕ್ಕೆ ಕಡಿವಾಣ ಹಾಕುತ್ತದೆ. ‘ಒಳಕ್ಕೆ ದೂಡುತ್ತದೆ’ ಎನ್ನುವ ಕಡೆ ‘ಮುಂದೂಡುತ್ತದೆ’ ಎಂದು ಬರೆದರೆ ಅರ್ಥ ತಲೆಕೆಳಗು: ದಿನ ತಳ್ಳಿದಂತಾಯಿತು!

ಮತ್ತೊಬ್ಬರ ಸೇರ್ಪಡೆ: ಒಪ್ಪಿದೆ. ‘ನೈಸರ್ಗಿಕ ಹಂತಕ ಕೋಶ’ಕ್ಕೂ (ನ್ಯಾಚುರಲ್ ಕಿಲ್ಲರ್ ಸೆಲ್, ಒಂದು ಬಗೆಯ ಬಿಳಿರಕ್ತಕಣ) ಒಂದು ಎಚ್ಚರಿಕೆಯ ಸಾಲು ಬೇಕು. ಮೊದಲ ತಿಂಗಳುಗಳಲ್ಲಿ ಒಳಪದರದ ಬಿಳಿರಕ್ತಕಣಗಳಲ್ಲಿ ಶೇ. 70ರಷ್ಟು ಇವೇ. ಅಲ್ಲಿ ಇವು ಭ್ರೂಣವನ್ನು ಕೊಲ್ಲುವುದಿಲ್ಲ; ಸೈಟೊಕೈನ್‌ಗಳನ್ನೂ ರಕ್ತನಾಳ ಬೆಳೆಸುವ ಅಂಶಗಳನ್ನೂ ಸ್ರವಿಸುತ್ತವೆ. ಜೊತೆಗೆ ‘ಒಳ್ಳೆಯ ಸೈಟೊಕೈನ್, ಕೆಟ್ಟ ಸೈಟೊಕೈನ್’ ಎಂಬ ವಿಂಗಡಣೆಯನ್ನು ಕರಡಿನಿಂದ ತೆಗೆಯಿರಿ. ಟಿಎನ್‌ಎಫ್-ಆಲ್ಫಾ ಎಂಬ ಸೈಟೊಕೈನ್ ಭ್ರೂಣ ನಾಟುವ ಜಾಗದಲ್ಲಿ ಸಹಜವಾಗಿಯೇ ಇರುತ್ತದೆ, ಅತಿಯಾದರೆ ಟ್ರೋಫೋಬ್ಲಾಸ್ಟ್ ಸಾಯುತ್ತದೆ. ‘ಪ್ರಭಾವ ಬೀರುತ್ತದೆ’ ಎಂದಿರುವ ಕಡೆಯೆಲ್ಲ ಅಂಟಿಸುತ್ತದೋ, ದೂಡುತ್ತದೋ, ತಡೆಯುತ್ತದೋ, ಸಾಯಿಸುತ್ತದೋ ಎಂದು ಬಿಡಿಸಿ ಬರೆಯಿರಿ.