ಟೆಕ್ಸಾಸ್‌ನಲ್ಲಿ ಬೆಳವನ ಬೇಟೆಗೆ ಸೂರ್ಯಕಾಂತಿ ಹೊಲ ಮಾಡುತ್ತಾರಂತೆ, ತಿಳಿದವರು ಯಾರಾದರೂ ಇದ್ದೀರಾ?

ಎರಿಹೊಲ_ಚಿತ್ತಾಪುರ

ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರ, ನಗಬೇಡಿ. ನಮ್ಮದು ಎರಿ ಭೂಮಿ, ತೊಗರಿಯೇ ಜಾಸ್ತಿ, ಒಂದು ತುಂಡಿನಲ್ಲಿ ಮಾತ್ರ ಸೂರ್ಯಪಾನ, ಅಂದರೆ ಸೂರ್ಯಕಾಂತಿ, ಹಾಕುತ್ತೇವೆ. ಅಕ್ಕನ ಮಗ ಉತ್ತರ ಟೆಕ್ಸಾಸ್‌ನಲ್ಲಿ ಇದ್ದಾನೆ. ಅಲ್ಲಿ ಗೆಳೆಯನ ಜೊತೆ ಸೇರಿ ಐದಾರು ಎಕರೆ ಲೀಸಿಗೆ ಹಿಡಿದಿದ್ದಾನೆ. ಮೊನ್ನೆ ಫೋನ್ ಮಾಡಿ "ಮಾಮಾ, ಸೂರ್ಯಕಾಂತಿ ಹಾಕಬೇಕು, ಹೇಗೆ ಹೇಳು" ಅಂದ. ಎಣ್ಣೆಗೋ ಬೀಜಕ್ಕೋ ಅಂತ ಕೇಳಿದೆ. ಎರಡೂ ಅಲ್ಲವಂತೆ. ಬೆಳವನ ಹಕ್ಕಿ ಬರಲಿ ಅಂತ ಬೆಳೆಯುವುದು, ಸೆಪ್ಟೆಂಬರ್‌ನಲ್ಲಿ ಅವು ಬಂದಾಗ ಹೊಡೆಯುವುದು. ಒಂದು ಕ್ವಿಂಟಲ್ ಕೂಡ ಮನೆಗೆ ಒಯ್ಯುವುದಿಲ್ಲ!

ನಾವು ಇಲ್ಲಿ ಬೆಳಿಗ್ಗೆ ಎದ್ದರೆ ಡಬ್ಬಾ ಬಡಿದು ಹಕ್ಕಿ ಓಡಿಸುವವರು. ಕರೆಯುವುದು ಹೇಗೆ ಅಂತ ನನಗೇನು ಗೊತ್ತು? ಅಲ್ಲಿ ಇದಕ್ಕೆ ಕಾನೂನು ಒಪ್ಪುತ್ತದೆಯಾ? ಹೊಲ ಹೇಗೆ ತಯಾರು ಮಾಡುತ್ತಾರೆ? ಇನ್ನೊಂದು ವಿಷಯ, ನಮ್ಮ ಬದುವಿನ ಪಕ್ಕದವನು ಇದನ್ನು ಕೇಳಿ "ನಾವೂ ಹಂಗೇ ಮಾಡೋಣ, ಕಲಬುರಗಿಯಿಂದ ದುಡ್ಡಿದ್ದವರನ್ನು ಕರೆಸಿ ತಲೆಗಿಷ್ಟು ಅಂತ ತಗೊಳ್ಳೋಣ" ಅಂತ ಕುಣಿಯುತ್ತಿದ್ದಾನೆ. ಅವನಿಗೂ ಒಂದು ಮಾತು ಹೇಳಿ.

ಬೀದರ್‌ಹುಡುಗ_ಡಲ್ಲಾಸ್

ಇಲ್ಲಿ ಅದು ಮಾಮೂಲು ಸಂಗತಿ. ಉತ್ತರ ಟೆಕ್ಸಾಸ್‌ನಲ್ಲಿ ಸೆಪ್ಟೆಂಬರ್ 1ಕ್ಕೆ ಸೀಸನ್ ತೆರೆಯುತ್ತದೆ, ಆ ದಿನ ಕೆಲವು ಊರುಗಳಲ್ಲಿ ಜಾತ್ರೆಯ ಗದ್ದಲ. ನಾನು ಬಂದೂಕು ಹಿಡಿಯುವವನಲ್ಲ, ಆದರೆ ಜೊತೆಗೆ ಕೆಲಸ ಮಾಡುವವರ ಹೊಲದಲ್ಲಿ ಇದೆಲ್ಲ ಹತ್ತಿರದಿಂದ ನೋಡಿದ್ದೇನೆ.

ಮೊದಲು ಹಕ್ಕಿಯ ಸ್ವಭಾವ ತಿಳಿಯಬೇಕು. ಬೆಳವ ಕೋಳಿಯ ಹಾಗೆ ಕಾಲಿನಿಂದ ಕೆದರುವುದಿಲ್ಲ. ಕಾಲು ಗಿಡ್ಡ, ಉಗುರಿಗೆ ಬಲವಿಲ್ಲ. ಗಿಳಿಯ ಹಾಗೆ ತೆನೆಗೆ ಜೋತುಬಿದ್ದು ತಿನ್ನುವುದೂ ಕಮ್ಮಿ. ನೆಲದ ಮೇಲೆ ನಡೆಯುತ್ತಾ, ತಲೆ ಹಿಂದೆ ಮುಂದೆ ಆಡಿಸುತ್ತಾ, ಕಣ್ಣಿಗೆ ಕಂಡ ಕಾಳನ್ನು ಹೆಕ್ಕುತ್ತದೆ, ಅಷ್ಟೇ. ಹುಲ್ಲು ಕಸ ಇದ್ದ ಕಡೆ ಕಾಳು ಎಷ್ಟೇ ಉದುರಿರಲಿ, ಇಳಿಯುವುದೇ ಇಲ್ಲ. ಹಾಗಾಗಿ ಅರ್ಧ ಕೆಲಸ ಬೆಳೆ ತೆಗೆಯುವುದು, ಇನ್ನರ್ಧ ನೆಲ ಬೋಳು ಇಡುವುದು. ಹೊಸಬರು ಸೋಲುವುದು ಎರಡನೆಯದರಲ್ಲಿ. ಬೀಜ ಎರಚಿ ಬಿತ್ತುತ್ತಾರೆ, ಕಳೆ ತುಂಬುತ್ತದೆ, ಆಗಸ್ಟ್‌ನಲ್ಲಿ ನೋಡಿದರೆ ಕಾಡು.

ಸಾಲಿನಲ್ಲೇ ಬಿತ್ತಲು ಹೇಳಿ. ಇಲ್ಲಿ 30ರಿಂದ 36 ಇಂಚು ಸಾಲು ಬಿಡುತ್ತಾರೆ, ನಡುವೆ ಎಡೆ ಹೊಡೆಯಲು ಬರಬೇಕಲ್ಲ. ಬೀಜ ಕಪ್ಪು ಸಣ್ಣ ಕಾಳಿನ ಎಣ್ಣೆ ತಳಿ, ಪೆರೆಡೋವಿಕ್ ಅಂತ ಸಿಗುತ್ತದೆ. ತಿನ್ನುವ ದೊಡ್ಡ ಪಟ್ಟೆ ಬೀಜ ಬೇಡ. ಏಪ್ರಿಲ್‌ನಲ್ಲಿ ಬಿತ್ತಿದರೆ ಸುಮಾರು 100-110 ದಿನಕ್ಕೆ ಬಲಿಯುತ್ತದೆ, ಆಗಸ್ಟ್ ಹೊತ್ತಿಗೆ ತಲೆ ಒಣಗಿ ಬಗ್ಗುತ್ತದೆ. ಆಮೇಲೆ ಟ್ರ್ಯಾಕ್ಟರ್‌ಗೆ ಕೊಚ್ಚುವ ಯಂತ್ರ ಕಟ್ಟಿ ಕೆಲವು ಸಾಲು ಮಾತ್ರ ಕೊಚ್ಚಿ ಬಿಡುತ್ತಾರೆ, ಸೀಸನ್‌ಗೆ ಎರಡು ಮೂರು ವಾರ ಮುಂಚೆ. ಎಲ್ಲ ಒಟ್ಟಿಗೆ ಕೊಚ್ಚಬಾರದು. ವಾರಕ್ಕೊಂದು ಪಟ್ಟಿ ಕೊಚ್ಚುತ್ತಾ ಹೋದರೆ ಹೊಸ ಕಾಳು ಬೀಳುತ್ತಲೇ ಇರುತ್ತದೆ, ನಿಂತ ಸಾಲುಗಳು ಬೇಟೆಗಾರರಿಗೆ ಮರೆಯೂ ಆಗುತ್ತವೆ. ಹತ್ತಿರದಲ್ಲಿ ಕೆಸರು ದಂಡೆಯ ಬೋಳು ಹೊಂಡ, ಒಂದು ಒಣಗಿದ ಮರ ಅಥವಾ ಕರೆಂಟ್ ತಂತಿ ಇದ್ದರೆ ಕೇಳುವುದೇ ಬೇಡ. ಸೂರ್ಯಕಾಂತಿ ಕೆಟ್ಟರೆ ಸಣ್ಣ ಸಿರಿಧಾನ್ಯ ಇದೆ, ಬ್ರೌನ್‌ಟಾಪ್ ಅಂದರೆ ನಮ್ಮ ಕೊರಲೆ, 60 ದಿನಕ್ಕೆ ಬರುತ್ತದೆ.

ಈಗ ಕಾನೂನು. ಇದನ್ನು ಹುಡುಗನಿಗೆ ಎರಡು ಸಲ ಹೇಳಿ. ವಲಸೆ ಹಕ್ಕಿಗಳ ಕಾಯ್ದೆ 1918ರದ್ದು, ಅಮೆರಿಕದ ಕೇಂದ್ರ ಸರ್ಕಾರದ್ದು. ಹೊಲದಲ್ಲಿ ಬೆಳೆದು ಅಲ್ಲೇ ಉದುರಿದ ಕಾಳಿನ ಮೇಲೆ ಬೆಳವ ಹೊಡೆಯಬಹುದು. ಕೊಚ್ಚಿ, ಸುಟ್ಟು, ಹರಗಿ ಉದುರಿಸಿದರೂ ನಡೆಯುತ್ತದೆ. ಆದರೆ ಅಂಗಡಿಯಿಂದ ಚೀಲ ತಂದು ಚೆಲ್ಲಿದರೆ ಅಪರಾಧ. ಅದೇ ಹೊಲದಲ್ಲಿ ಕಟಾವು ಮಾಡಿ ಒಯ್ದ ಕಾಳನ್ನು ವಾಪಸ್ ತಂದು ಚೆಲ್ಲಿದರೂ ಅಪರಾಧ. ಕಾಳು ಪೂರ್ತಿ ಗುಡಿಸಿ ತೆಗೆದ ಮೇಲೂ 10 ದಿನ ಅಲ್ಲಿ ಹೊಡೆಯುವ ಹಾಗಿಲ್ಲ. "ನನಗೆ ಗೊತ್ತಿರಲಿಲ್ಲ ಸಾರ್" ಅನ್ನುವುದೂ ಸುಲಭವಲ್ಲ, ಗೊತ್ತಾಗಬೇಕಿತ್ತು ಅನ್ನುವಂತಿದ್ದರೂ ಕೇಸ್ ಬೀಳುತ್ತದೆ. ಲೈಸೆನ್ಸ್ ಬೇಕು, ಒಬ್ಬರಿಗೆ ದಿನಕ್ಕೆ 15 ಹಕ್ಕಿ, ಬಂದೂಕಿನಲ್ಲಿ ಮೂರು ತೋಟಾಕ್ಕಿಂತ ಜಾಸ್ತಿ ಹಿಡಿಯಬಾರದು. ಬಾತುಕೋಳಿಗೆ ನಿಯಮ ಇನ್ನೂ ಬಿಗಿ. ನಿಂತ ಬೆಳೆ ಕೊಚ್ಚಿ ಬಾತು ಹೊಡೆಯುವ ಹಾಗಿಲ್ಲ.

ಕೋರ್ಟ್‌ರಸ್ತೆ_ಕಲಬುರಗಿ

ಪಕ್ಕದ ಹೊಲದವನಿಗೆ ಉತ್ತರ ನಾನು ಕೊಡುತ್ತೇನೆ. ಬೇಡ. ಯೋಚನೆಯೂ ಬೇಡ.

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಶುರುವಿನಲ್ಲಿ ಲೈಸೆನ್ಸ್ ಮೇಲೆ ಶಿಕಾರಿಗೆ ಅವಕಾಶ ಇತ್ತು, 1991ರ ತಿದ್ದುಪಡಿಯಲ್ಲಿ ಅದು ಹೋಯಿತು. ಬೆಳವಗಳೂ ರಕ್ಷಣೆಯ ಪಟ್ಟಿಯಲ್ಲಿವೆ. ಜನ ಗಮನಿಸದ ಸಂಗತಿ ಒಂದಿದೆ. ಕಾಯ್ದೆಯಲ್ಲಿ ಬೇಟೆ ಅಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ಬಲೆ ಹಾಕುವುದು, ಅಟ್ಟುವುದು, ಕೊಲ್ಲಲೆಂದು ಕಾಳು ಹಾಕಿ ಕರೆಯುವುದು, ಇದಕ್ಕೆಲ್ಲ ಪ್ರಯತ್ನ ಪಡುವುದು ಕೂಡ ಬೇಟೆಯೇ. ಅಂದರೆ ಅಲ್ಲಿ ಲೀಸು ಕಟ್ಟಿ ಮಾಡುವ ತಯಾರಿ ಇಲ್ಲಿ ಹಕ್ಕಿ ಸಾಯುವ ಮುಂಚೆಯೇ ಕೇಸ್ ಆಗಬಹುದು. 2022ರ ತಿದ್ದುಪಡಿ ಆದಮೇಲೆ ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೆಳೆ ಕಾಯಲು ಬಂದೂಕಿನ ಲೈಸೆನ್ಸ್ ಇದೆ ಅಂದರೆ ಹಕ್ಕಿ ಹೊಡೆಯಲು ಪರವಾನಗಿ ಅಂತಲ್ಲ. ಏರ್‌ಗನ್‌ಗೂ ಅದೇ ಮಾತು. ವಿಷ ಕಲಸಿದ ಕಾಳು ಎರಚುವವರೂ ನಮ್ಮ ಕಡೆ ಇದ್ದಾರೆ, ಅದನ್ನು ತಿಂದು ಒಂದು ನವಿಲು ಸತ್ತರೆ ಮೊದಲನೇ ಪಟ್ಟಿಯ ಪ್ರಾಣಿ, ಶಿಕ್ಷೆ ಕನಿಷ್ಠ 3 ವರ್ಷ.

ಜೇವರ್ಗಿ_ಬಿಳಿಜೋಳ

ಓದುತ್ತಾ ಓದುತ್ತಾ ನಗು ಬಂತು. ಅವರು ಹಕ್ಕಿ ಕರೆಯಲು ಏನೇನು ಮಾಡುತ್ತಾರೋ ಅದನ್ನೆಲ್ಲ ತಿರುವಿ ಹಾಕಿದರೆ ನಮ್ಮ ಬೆಳೆ ಉಳಿಯುತ್ತದೆ, ಅಲ್ವಾ?

ಬೆಳವ ಕೆದರುವುದಿಲ್ಲ ಅಂದರಲ್ಲ, ಅದು ನಿಜ. ಬಿತ್ತಿದ ಮಾರನೇ ದಿನ ಹೊಲಕ್ಕೆ ಇಳಿಯುವ ಬೆಳವಗಳು ತಿನ್ನುವುದು ಮೇಲೆ ಬಿದ್ದ ಬೀಜ ಮಾತ್ರ. ಕೂರಿಗೆ ಸರಿಯಾಗಿ ಇಳಿದು, ಹಿಂದೆ ಬಳಸಾಲು ಹೊಡೆದು ಮಣ್ಣು ಮುಚ್ಚಿದರೆ ಅರ್ಧ ಕಾಟ ಅಲ್ಲಿಗೇ ಮುಗಿಯಿತು. ಹೊಲದ ತುದಿಯಲ್ಲಿ, ಕೂರಿಗೆ ತಿರುಗಿಸುವ ಜಾಗದಲ್ಲಿ ಬೀಜ ಚೆಲ್ಲಿರುತ್ತದೆ ನೋಡಿ, ಹಕ್ಕಿಗೆ ದಾರಿ ತೋರಿಸುವುದೇ ಅದು. ಅದನ್ನು ಕೈಯಿಂದ ಮುಚ್ಚಿ.

ತೆನೆಯ ಕಾಲದಲ್ಲಿ ಕಳ್ಳ ಬೇರೆ. ಸೂರ್ಯಪಾನದ ತಲೆಯಿಂದ ಕಾಳು ಕೀಳುವುದು ಗಿಳಿ. ಅದು ಅರ್ಧ ತಿಂದು ಅರ್ಧ ಉದುರಿಸುತ್ತದೆ, ಕೆಳಗೆ ಬೆಳವ ಹೆಕ್ಕುತ್ತದೆ. ನಾವು ಕೆಳಗಿನದನ್ನು ನೋಡಿ ಬೈಯುತ್ತೇವೆ. ಚಿತ್ತಾಪುರದವರ ನಿಜವಾದ ತೊಂದರೆ ಏನೆಂದರೆ, ಸುತ್ತ ಹರದಾರಿ ದೂರ ತೊಗರಿ, ನಡುವೆ ಇವರದೊಂದೇ ಸೂರ್ಯಪಾನ. ಊರಿನ ಗಿಳಿಯೆಲ್ಲ ಅಲ್ಲಿಗೇ ಬರದೆ ಇನ್ನೆಲ್ಲಿ ಹೋಗಬೇಕು? ಹಾಕುವುದಾದರೆ ನಾಲ್ಕು ಜನ ಸೇರಿ ಒಂದೇ ವಾರದಲ್ಲಿ ಹಾಕಿ, ನಷ್ಟ ಹಂಚಿಹೋಗುತ್ತದೆ. ಕೆಂಪು-ಬೆಳ್ಳಿ ಹೊಳೆಯುವ ರಿಬ್ಬನ್ ಸಿಗುತ್ತದೆ, ಬೆಳೆಗಿಂತ ಸ್ವಲ್ಪ ಮೇಲೆ, ಒಂದೆರಡು ಸುತ್ತು ತಿರುಚಿ, ತೆಂಕಣಕ್ಕೂ ಬಡಗಣಕ್ಕೂ ಎಳೆದು ಕಟ್ಟಿ. ಬಿಸಿಲಿಗೆ ಹೊಳೆಯಬೇಕು, ಗಾಳಿಗೆ ಗುಂಯ್ ಅನ್ನಬೇಕು. ಕಾಳು ಹಾಲು ತುಂಬುವ ಮುಂಚೆ ಕಟ್ಟಬೇಡಿ, ಹಕ್ಕಿಗೆ ರೂಢಿಯಾಗಿ ಬಿಡುತ್ತದೆ. ಕವಣಿ ಬೀಸುವ ಹುಡುಗರು ಈಗ ಸಿಗುವುದಿಲ್ಲ, ಸಿಕ್ಕರೂ ಕಣ್ಣು ಮೊಬೈಲ್ ಮೇಲೆ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿ ಭೂಮಿಗೆ ಉಣಿಸುವ ಜನ ನಾವು, ಕಾಳು ಹಾಕಿ ಕರೆದು ಹೊಡೆಯುವುದು ನನಗಂತೂ ಒಗ್ಗುವುದಿಲ್ಲ. ಅದು ಅವರ ಊರಿನ ರೀತಿ, ಬಿಡಿ.

ಹಕ್ಕಿನೋಟ_ಸುರಪುರ

ಒಂದು ಮಜಾ ಸಂಗತಿ ಸೇರಿಸುತ್ತೇನೆ. ಟೆಕ್ಸಾಸ್‌ನಲ್ಲಿ 15ರ ಲೆಕ್ಕಕ್ಕೆ ಬರುವುದು ಅವರ ಸ್ವಂತ ಬೆಳವಗಳು. ನಮ್ಮ ಮನೆ ತಂತಿಯ ಮೇಲೆ ಕೂತು ದಿನವಿಡೀ ಗೂಗೂ ಅನ್ನುವ, ಕುತ್ತಿಗೆ ಹಿಂದೆ ಕಪ್ಪು ಅರ್ಧ ಉಂಗುರ ಇರುವ ಬೆಳವ ಈಗ ಅಲ್ಲೂ ಇದೆ. 1970ರ ದಶಕದಲ್ಲಿ ಬಹಾಮಾ ದ್ವೀಪದಲ್ಲಿ ಪಂಜರದಿಂದ ತಪ್ಪಿಸಿಕೊಂಡವು ಫ್ಲೋರಿಡಾಕ್ಕೆ ದಾಟಿ ಅಮೆರಿಕ ತುಂಬ ಹರಡಿವೆ. ಹೊರಗಿನದು ಅಂತ ಟೆಕ್ಸಾಸ್‌ನಲ್ಲಿ ಅದಕ್ಕೆ ಸೀಸನ್ ಇಲ್ಲ, ಮಿತಿಯೂ ಇಲ್ಲ. ಬಾಲ ನೋಡಿ ಗುರುತಿಸಬೇಕು. ನಮ್ಮದರ ಬಾಲ ತುದಿಯಲ್ಲಿ ಚಪ್ಪಟೆ, ಅವರ ಸ್ವಂತ ಬೆಳವ ಮೌರ್ನಿಂಗ್ ಡವ್‌ದು ಚೂಪು. ಒಂದೇ ಹಕ್ಕಿ, ಇಲ್ಲಿ ಹೊಡೆದರೆ ಜೈಲು, ಅಲ್ಲಿ ಎಷ್ಟು ಬೇಕಾದರೂ!

ಪಕ್ಕದವರಿಗೆ ದುಡ್ಡಿನ ಆಸೆ ಇದ್ದರೆ ಕ್ಯಾಮೆರಾದವರನ್ನು ಕರೆಯಲಿ. ನಮ್ಮ ಬೋನಾಳ ಕೆರೆಗೆ ದೊಡ್ಡ ಲೆನ್ಸ್ ಹೊತ್ತು ಬರುವವರು ಇದ್ದಾರೆ. ಒಂದು ಮರೆ, ನೆರಳು, ಜೋಳದ ರೊಟ್ಟಿ ಊಟ ಕೊಟ್ಟರೆ ಸಾಕು.

ಎರಿಹೊಲ_ಚಿತ್ತಾಪುರ

ಎಲ್ಲರಿಗೂ ಶರಣು. ಪಕ್ಕದವನಿಗೆ ವಕೀಲರ ಮಾತು ಓದಿ ಹೇಳಿದೆ, ಮುಖ ಸಣ್ಣದಾಯಿತು. ರೊಟ್ಟಿ ಊಟದ ವಿಚಾರ ಕೇಳಿ ಮತ್ತೆ ಅರಳಿತು. ಡಲ್ಲಾಸ್‌ನವರೇ, ಇನ್ನೊಂದು ಪ್ರಶ್ನೆ. ಹುಡುಗನ ಹತ್ತಿರ ಎಡೆ ಹೊಡೆಯುವ ಸಾಮಾನಿಲ್ಲ, ಕಳೆನಾಶಕ ಸಾಕಾ? ಜಿಂಕೆ, ಹಂದಿ ಬೇರೆ ಬರುತ್ತವಂತೆ.

ಬೀದರ್‌ಹುಡುಗ_ಡಲ್ಲಾಸ್

ಬಿತ್ತಿದ ಕೂಡಲೇ ಹೊಡೆಯುವ ಪೆಂಡಿಮೆಥಾಲಿನ್ ಇಲ್ಲೂ ಇದೆ. ಹುಲ್ಲಿಗೆ ಪರವಾಗಿಲ್ಲ, ಅಗಲ ಎಲೆಯ ಕಳೆ ಎಲ್ಲ ನಿಲ್ಲುವುದಿಲ್ಲ. ಕಳೆನಾಶಕ ತಡೆಯುವ ತಳಿಯ ಬೀಜ ಬೇರೆ ಸಿಗುತ್ತದೆ, ದುಬಾರಿ. ಅವನ ಕೌಂಟಿಯಲ್ಲಿ ಟೆಕ್ಸಾಸ್ ಎ ಅಂಡ್ ಎಂ ಅಗ್ರಿಲೈಫ್ ವಿಸ್ತರಣಾ ಕಚೇರಿ ಇರುತ್ತದೆ, ನಮ್ಮ ಕೃಷಿ ವಿಜ್ಞಾನ ಕೇಂದ್ರದ ತರಹ, ಮಣ್ಣು ಹೇಳಿದರೆ ಯಾವ ಔಷಧಿ ಅಂತ ಅವರೇ ಹೇಳುತ್ತಾರೆ. ಕೊಚ್ಚುವ ಮುಂಚೆ ಅಲ್ಲಿನ ಗೇಮ್ ವಾರ್ಡನ್‌ಗೂ, ಅಂದರೆ ಬೇಟೆ ಕಾನೂನು ನೋಡಿಕೊಳ್ಳುವ ಅಧಿಕಾರಿಗೂ, ಒಂದು ಫೋನ್ ಮಾಡಲಿ. ಜಿಂಕೆ ಎಳೆ ಸಸಿ ತಿನ್ನುತ್ತದೆ, ಒಂದು ಅಡಿ ಎತ್ತರ ಆಗುವವರೆಗೆ ಸುತ್ತ ವಿದ್ಯುತ್ ತಂತಿ ಬೇಲಿ ಹಾಕುತ್ತಾರೆ. ಹಂದಿಗೆ ಬೇರೆ ಥ್ರೆಡ್ ತೆಗೆಯಿರಿ ಮಾಮಾ, ಅದು ಇಲ್ಲಿ ಮುಗಿಯುವ ಮಾತಲ್ಲ.